ಕ್ಯಾಮೆರಾ ‘ಮೇಡ್ ಇನ್ ಜಪಾನ್’ ಆದರೆ ಮಾತ್ರ ಗಟ್ಟಿಯೇ? ಡಬ್ಬದ ಮೇಲಿನ ಹೆಸರು, ಒಳಗಿನ ಭಾಗಗಳು ಮತ್ತು ಒಂದು ಹಳೆಯ ಎಡವಟ್ಟು

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವರ್ಷಗಳಿಂದ ತಿರುಗುತ್ತಿರುವ ಒಂದು ಸಂದೇಶ ನಿಮಗೂ ಬಂದಿರಬಹುದು. ಏನೇ ಕೊಳ್ಳುವ ಮುನ್ನ ಬಾರ್‌ಕೋಡ್ ನೋಡಿ, 690ರಿಂದ 699ರೊಳಗೆ ಶುರುವಾದರೆ ಚೀನಾದ ಮಾಲು, 890 ಆದರೆ ಭಾರತದ್ದು, 49 ಎಂದಿದ್ದರೆ ಅಪ್ಪಟ ಜಪಾನ್ ಎನ್ನುತ್ತದೆ ಅದು. ಮಾತು ಕ್ಯಾಮೆರಾ ಅಥವಾ ಮೊಬೈಲ್ ಕಡೆ ತಿರುಗಿದರೆ ಇನ್ನೊಂದು ವಾದವೂ ಜೊತೆಯಾಗುತ್ತದೆ. ಮೊದಲೆಲ್ಲ ಕಂಪನಿಗಳು ಎಲ್ಲವನ್ನೂ ತಾವೇ ಮಾಡುತ್ತಿದ್ದವು, ಈಗ ಬಿಡಿಭಾಗಗಳನ್ನೆಲ್ಲ ಹೊರಗೆ ಮಾಡಿಸುತ್ತವೆ, ಅದಕ್ಕೇ ಗುಣಮಟ್ಟ ಹಾಳಾಗಿದೆ ಎಂಬುದು ಆ ವಾದ.

ಮೊದಲನೆಯದು ಪೂರ್ತಿ ತಪ್ಪು. ಎರಡನೆಯದರಲ್ಲಿ ಸ್ವಲ್ಪ ನಿಜವಿದೆ, ಆದರೆ ನಾವು ಅಂದುಕೊಂಡ ಜಾಗದಲ್ಲಿ ಅಲ್ಲ.

ಬಾರ್‌ಕೋಡ್ ವಿಷಯವನ್ನು ಬೇಗ ಮುಗಿಸಿಬಿಡೋಣ. ಈ ಸಂಖ್ಯೆಗಳನ್ನು ಹಂಚುವುದು ಜಿಎಸ್1 ಎಂಬ ಅಂತರರಾಷ್ಟ್ರೀಯ ಸಂಸ್ಥೆ. ಮೊದಲ ಅಂಕಿಗಳಿಂದ ತಿಳಿಯುವುದು ಆ ಕಂಪನಿಗೆ ಸಂಖ್ಯೆ ಕೊಟ್ಟಿದ್ದು ಯಾವ ದೇಶದ ಜಿಎಸ್1 ಕಚೇರಿ ಎಂಬುದು ಮಾತ್ರ. ವಸ್ತು ಎಲ್ಲಿ ತಯಾರಾಯಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ ಎಂದು ಜಿಎಸ್1 ತಾನೇ ಸ್ಪಷ್ಟಪಡಿಸಿದೆ. ಜಪಾನಿನಲ್ಲಿ ನೋಂದಾಯಿಸಿದ ಕಂಪನಿ ಥಾಯ್ಲೆಂಡಿನಲ್ಲಿ ಮಾಡಿದ ಕ್ಯಾಮೆರಾದ ಡಬ್ಬದ ಮೇಲೂ ಜಪಾನಿನ ಸಂಖ್ಯೆ ಇರಬಹುದು. ಅಂದಹಾಗೆ, ನಿಕಾನ್‌ನ ಅತಿ ದುಬಾರಿ ಕ್ಯಾಮೆರಾಗಳಲ್ಲಿ ಒಂದಾದ ಜೆಡ್9 ತಯಾರಾಗುವುದು ಥಾಯ್ಲೆಂಡಿನಲ್ಲೇ.

ಕ್ಯಾಮೆರಾದ ಅಡಿಯಲ್ಲಿ ‘ಮೇಡ್ ಇನ್’ ಎಂದು ಬರೆದಿರುತ್ತದಲ್ಲ, ಅದನ್ನು ನಂಬಬಹುದು. ಆದರೆ ಅದು ಸಾಮಾನ್ಯವಾಗಿ ಕೊನೆಯ ಜೋಡಣೆ ನಡೆದ ಊರಿನ ಹೆಸರು. ಒಳಗಿನ ಸೆನ್ಸರ್, ಲೆನ್ಸ್, ಶಟರ್, ಸ್ಕ್ರೀನ್ ಎಲ್ಲಿಂದ ಬಂದವು ಎಂದು ಅದು ಹೇಳುವುದಿಲ್ಲ.

‘ಮೊದಲೆಲ್ಲ ತಾವೇ ಮಾಡುತ್ತಿದ್ದರು’ ನಿಜವೇ?

ಕ್ಯಾನನ್ ಮತ್ತು ನಿಕಾನ್ ಅಭಿಮಾನಿಗಳ ಜಗಳ ಛಾಯಾಗ್ರಾಹಕರಲ್ಲಿ ತುಂಬಾ ಹಳೆಯದು. ಇದರಲ್ಲಿ ತಮಾಷೆಯ ಸಂಗತಿಯೊಂದಿದೆ. 1930ರ ದಶಕದ ಮಧ್ಯದಲ್ಲಿ ಕ್ಯಾನನ್ ಮಾರುಕಟ್ಟೆಗೆ ತಂದ ಮೊದಲ ಕ್ಯಾಮೆರಾ ‘ಹನ್ಸಾ ಕ್ಯಾನನ್’. ಅದರ ಲೆನ್ಸ್ ಮಾಡಿಕೊಟ್ಟಿದ್ದು ನಿಪ್ಪಾನ್ ಕೊಗಾಕು ಎಂಬ ಕಂಪನಿ. ಆ ಲೆನ್ಸಿನ ಹೆಸರು ನಿಕ್ಕೋರ್. ಇವತ್ತು ನಾವು ನಿಕಾನ್ ಎನ್ನುವುದು ಆ ಕಂಪನಿಯನ್ನೇ! ಲೆನ್ಸ್ ಮಾಡುವ ಅನುಭವ ಆಗ ಕ್ಯಾನನ್‌ಗೆ ಇರಲಿಲ್ಲ, ಬಲ್ಲವರಿಂದ ಮಾಡಿಸಿಕೊಂಡಿತು.

ಆಮೇಲೂ ಇದು ನಿಲ್ಲಲಿಲ್ಲ. ಜಪಾನಿನ ಕೊಸಿನಾ ಎಂಬ ಕಂಪನಿಯ ಹೆಸರು ನಮ್ಮಲ್ಲಿ ಹೆಚ್ಚು ಜನ ಕೇಳಿರಲಾರರು. ಫಿಲ್ಮ್ ಕಾಲದ ನಿಕಾನ್ ಎಫ್‌ಎಂ10, ಕ್ಯಾನನ್ ಟಿ60, ಒಲಿಂಪಸ್ ಓಎಂ-2000 ಈ ಮೂರನ್ನೂ ಮಾಡಿದ್ದು ಅದೇ. ಡಿಜಿಟಲ್ ಯುಗ ಶುರುವಾದಾಗ ಬೇರೆ ಬ್ರ್ಯಾಂಡ್‌ಗಳಿಗೆ ಕ್ಯಾಮೆರಾ ತಯಾರಿಸಿಕೊಡುವ ದೊಡ್ಡ ಹೆಸರಾಗಿದ್ದದ್ದು ಸ್ಯಾನ್ಯೊ. ಜರ್ಮನಿಯ ಲೈಕಾ ಹೆಸರಿನ ಡಿ-ಲಕ್ಸ್ ಸರಣಿಯ ಕ್ಯಾಮೆರಾಗಳು ಪ್ಯಾನಸೋನಿಕ್ ಜೊತೆ ಸೇರಿ ಬಂದವು. ಅವುಗಳಲ್ಲಿ ಬಹಳಷ್ಟಕ್ಕೆ ಪ್ಯಾನಸೋನಿಕ್ ಹೆಸರಿನಲ್ಲೇ ಒಂದು ಅಗ್ಗದ ಅವಳಿಯೂ ಇರುತ್ತಿತ್ತು. ಕೊಡಾಕ್ ಹೆಸರಿನ ಈಗಿನ ಡಿಜಿಟಲ್ ಕ್ಯಾಮೆರಾಗಳನ್ನು ಬೇರೆ ಕಂಪನಿಗಳು ಹೆಸರಿನ ಪರವಾನಗಿ ಪಡೆದು ಮಾರುತ್ತವೆ. ನಮ್ಮ ಅಪ್ಪಂದಿರು ಕಂಡ ಕೊಡಾಕ್‌ಗೂ ಅದಕ್ಕೂ ಇರುವ ನಂಟು ಹೆಸರಿನದ್ದು ಮಾತ್ರ.

ಹೊರಗೆ ಮಾಡಿಸುವುದು ಈಚಿನ ಚಟವಲ್ಲ ಎಂಬುದು ಇಷ್ಟರಿಂದ ಗೊತ್ತಾಗುತ್ತದೆ. ಆದರೆ ಡಿಜಿಟಲ್ ಬಂದ ಮೇಲೆ ಇದು ಅನಿವಾರ್ಯವಾಯಿತು. ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಸೆನ್ಸರ್ ಕೂಡ ಒಂದು ಚಿಪ್. ಚಿಪ್ ಕಾರ್ಖಾನೆ ಕಟ್ಟುವುದು ಸಾವಿರಾರು ಕೋಟಿ ರೂಪಾಯಿಯ ಮಾತು. ವರ್ಷಕ್ಕೆ ಕೆಲವೇ ಲಕ್ಷ ಕ್ಯಾಮೆರಾ ಮಾರುವ ಕಂಪನಿಗೆ ಅದು ಗಿಟ್ಟುವುದಿಲ್ಲ. ಅದರ ಮೇಲೆ ಮಾರುಕಟ್ಟೆಯೇ ಕುಸಿದಿದೆ. ಜಪಾನಿನ ಕ್ಯಾಮೆರಾ ತಯಾರಕರ ಒಕ್ಕೂಟವಾದ ಸಿಐಪಿಎ ಲೆಕ್ಕದಂತೆ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಬಿದ್ದವು. 2023ರಲ್ಲಿ ಆ ಸಂಖ್ಯೆ ಸುಮಾರು 77 ಲಕ್ಷ. ಉಳಿದದ್ದನ್ನೆಲ್ಲ ನಮ್ಮ ಜೇಬಿನ ಫೋನ್ ನುಂಗಿತು.

ಒಂದೇ ಸೆನ್ಸರ್, ಎರಡು ಫೋನ್

‘ಇದರಲ್ಲಿ ಸೋನಿ ಸೆನ್ಸರ್ ಇದೆ’ ಎಂಬ ಮಾತನ್ನು ಮೊಬೈಲ್ ಅಂಗಡಿಯಲ್ಲಿ ಕೇಳಿರುತ್ತೀರಿ. 2019ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಎರಡು ಫೋನ್‌ಗಳನ್ನು ನೆನಪಿಸಿಕೊಳ್ಳಿ. ರೆಡ್‌ಮಿ ನೋಟ್ 7 ಪ್ರೊ, ಆರಂಭಿಕ ಬೆಲೆ 13,999 ರೂಪಾಯಿ. ಒನ್‌ಪ್ಲಸ್ 7 ಪ್ರೊ, ಆರಂಭಿಕ ಬೆಲೆ 48,999 ರೂಪಾಯಿ. ಎರಡರ ಮುಖ್ಯ ಕ್ಯಾಮೆರಾದಲ್ಲೂ ಇದ್ದದ್ದು ಸೋನಿಯ ಐಎಂಎಕ್ಸ್586 ಎಂಬ 48 ಮೆಗಾಪಿಕ್ಸೆಲ್ ಸೆನ್ಸರ್.

ಹಾಗಾದರೆ ಫೋಟೊ ಒಂದೇ ಥರ ಬರುತ್ತಿತ್ತೇ? ಇಲ್ಲ. ದುಬಾರಿ ಫೋನಿನ ಲೆನ್ಸ್ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ಕೈ ನಡುಗಿದರೂ ಚಿತ್ರ ಅಲುಗದಂತೆ ಲೆನ್ಸನ್ನೇ ಸರಿಸಿ ಸರಿದೂಗಿಸುವ ವ್ಯವಸ್ಥೆ ಅದರಲ್ಲಿತ್ತು, ಅಗ್ಗದ ಫೋನಿನಲ್ಲಿ ಇರಲಿಲ್ಲ. ಬಂದ ಸಂಕೇತವನ್ನು ಚಿತ್ರವಾಗಿಸುವ ಪ್ರೊಸೆಸರ್ ಮತ್ತು ತಂತ್ರಾಂಶ ಕೂಡ ಬೇರೆ. ಅದೇ ಅಂಗಡಿಯ ಅಕ್ಕಿ ತಂದರೂ ಎರಡು ಮನೆಯ ಅನ್ನ ಒಂದೇ ಥರ ಆಗುವುದಿಲ್ಲವಲ್ಲ, ಹಾಗೆ.

ಇದು ಫೋನ್‌ಗೆ ಮಾತ್ರ ಸೀಮಿತವಲ್ಲ. 2010ರ ನಿಕಾನ್ ಡಿ7000, ಪೆಂಟಾಕ್ಸ್ ಕೆ-5 ಮತ್ತು ಸೋನಿ ಎ580 ಕ್ಯಾಮೆರಾಗಳು ಸೋನಿಯ ಒಂದೇ 16 ಮೆಗಾಪಿಕ್ಸೆಲ್ ಸೆನ್ಸರ್ ಸುತ್ತ ಕಟ್ಟಿದವು. ಆಪಲ್ ಕೂಡ ಐಫೋನ್‌ಗೆ ಸೆನ್ಸರ್ ಕೊಳ್ಳುವುದು ಸೋನಿಯಿಂದ. 2022ರ ಡಿಸೆಂಬರ್‌ನಲ್ಲಿ ಜಪಾನಿನ ಕುಮಾಮೊಟೊದಲ್ಲಿರುವ ಸೋನಿ ಘಟಕಕ್ಕೆ ಹೋಗಿದ್ದ ಆಪಲ್ ಮುಖ್ಯಸ್ಥ ಟಿಮ್ ಕುಕ್, ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಈ ಪಾಲುದಾರಿಕೆ ಇದೆ ಎಂದು ತಾವೇ ಬರೆದುಕೊಂಡಿದ್ದರು.

ಹೊರಗಿನಿಂದ ಭಾಗ ತಂದರೆ ಗುಣಮಟ್ಟ ಬಿದ್ದೇ ಬೀಳುತ್ತದೆ ಎಂಬ ವಾದ ಇಲ್ಲಿಗೆ ಸಡಿಲವಾಗುತ್ತದೆ. ಆದರೆ ಇಷ್ಟೆಲ್ಲ ಬ್ರ್ಯಾಂಡ್‌ಗಳು ಒಂದೇ ಬಾವಿಯ ನೀರು ಕುಡಿದರೆ, ಆ ಬಾವಿ ಕೆಟ್ಟ ದಿನ ಏನಾಗುತ್ತದೆ?

2005ರಲ್ಲಿ ಆದದ್ದು

ಅದು ಆಗಿಯೂ ಇದೆ. 2005ರ ಅಕ್ಟೋಬರ್ ಹೊತ್ತಿಗೆ ಕ್ಯಾನನ್, ನಿಕಾನ್, ಫ್ಯೂಜಿಫಿಲ್ಮ್, ಕೊನಿಕಾ ಮಿನೋಲ್ಟಾ, ಒಲಿಂಪಸ್, ರಿಕೋ ಮುಂತಾದ ಕಂಪನಿಗಳು ಒಂದರ ಹಿಂದೆ ಒಂದು ಸೂಚನೆ ಹೊರಡಿಸತೊಡಗಿದವು. ಬೇರೆ ಬೇರೆ ಕಂಪನಿ, ಬೇರೆ ಬೇರೆ ಮಾದರಿ, ಆದರೆ ದೂರು ಒಂದೇ. ಕ್ಯಾಮೆರಾ ಆನ್ ಆಗುತ್ತದೆ, ಮೆನು ಬರುತ್ತದೆ, ಹಿಂದೆ ತೆಗೆದ ಫೋಟೊ ಕೂಡ ಕಾಣುತ್ತದೆ. ಹೊಸ ಚಿತ್ರ ತೆಗೆಯಲು ಹೋದರೆ ಮಾತ್ರ ಅಲೆ ಅಲೆಯಾಗಿ ತಿರುಚಿದ, ಬಣ್ಣ ಕೆಟ್ಟ ಚಿತ್ರ. ಕೆಲವದರಲ್ಲಿ ಬರೀ ಕಪ್ಪು. ಸೋನಿಯ ಸ್ವಂತ ಸೈಬರ್‌ಶಾಟ್ ಕ್ಯಾಮೆರಾಗಳೂ ಈ ಪಟ್ಟಿಯಲ್ಲಿದ್ದವು.

ಮೂಲ ಒಂದೇ: ಸೋನಿ ತಯಾರಿಸಿ ಎಲ್ಲರಿಗೂ ಮಾರಿದ್ದ ಸಿಸಿಡಿ ಸೆನ್ಸರ್‌ಗಳು, ಅದರಲ್ಲೂ 2002ರ ಕೊನೆಯಿಂದ 2004ರ ಆರಂಭದವರೆಗೆ ತಯಾರಾದವು. ಸೆನ್ಸರ್ ಚಿಪ್ಪನ್ನು ಒಂದು ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಿ, ಅದರ ಅಂಚಿನಿಂದ ಹೊರಗಿನ ಕಾಲುಗಳಿಗೆ ಸೂಕ್ಷ್ಮ ತಂತಿಗಳನ್ನು ಬೆಸೆಯುತ್ತಾರೆ. ಚಿಪ್‌ಗಳಲ್ಲಿ ಬಳಸುವ ಇಂಥ ತಂತಿಯ ದಪ್ಪ ಸಾಮಾನ್ಯವಾಗಿ 25 ಮೈಕ್ರಾನ್ ಆಸುಪಾಸು, ಅಂದರೆ ತಲೆಗೂದಲಿನ ಮೂರನೇ ಒಂದು ಭಾಗದಷ್ಟು. ಬಿಸಿ ಮತ್ತು ತೇವ ಹೆಚ್ಚಿರುವ ವಾತಾವರಣದಲ್ಲಿ ಆ ಸಂಪರ್ಕ ಬಿಟ್ಟುಕೊಳ್ಳುತ್ತಿತ್ತು. ಕೂದಲಿಗಿಂತ ತೆಳ್ಳನೆಯ ಒಂದು ಬೆಸುಗೆ ಸಡಿಲವಾದರೆ ಸಾಕು, ಉಳಿದೆಲ್ಲ ಸರಿಯಿದ್ದೂ ಕ್ಯಾಮೆರಾ ಕುರುಡಾಗುತ್ತಿತ್ತು.

ಗಮನಿಸಬೇಕಾದ ವಿಷಯ ಎರಡಿದೆ. ಈ ದೋಷ ಕೊಂಡ ದಿನ ಕಾಣುತ್ತಿರಲಿಲ್ಲ. ಅಂಗಡಿಯಲ್ಲಿ ಹತ್ತು ಫೋಟೊ ತೆಗೆದು ನೋಡಿದರೂ ಗೊತ್ತಾಗುವಂಥದ್ದಲ್ಲ. ತಿಂಗಳುಗಳು, ವರ್ಷಗಳು ಕಳೆದು, ಎಷ್ಟೋ ಜನರ ವಾರಂಟಿ ಮುಗಿದ ಮೇಲೆ ಹೊರಬಂತು. ಮತ್ತೆ, ಬಳಕೆದಾರರಿಗೆ ಕಾಣುತ್ತಿದ್ದದ್ದು ಡಬ್ಬದ ಮೇಲಿನ ಹೆಸರು ಮಾತ್ರ. ಕ್ಯಾನನ್ ಪವರ್‌ಶಾಟ್ ಎ70 ಕೆಟ್ಟವನು ಕ್ಯಾನನ್‌ಗೆ ಬೈದುಕೊಂಡು ಇನ್ನು ಮುಂದೆ ನಿಕಾನ್ ಎಂದು ತೀರ್ಮಾನಿಸಿದ್ದರೆ, ಅವನು ಅದೇ ಸೆನ್ಸರ್‌ಗೆ ಎರಡನೇ ಸಲ ದುಡ್ಡು ಕೊಟ್ಟಿರುವ ಸಾಧ್ಯತೆಯೂ ಇತ್ತು.

ಹೆಚ್ಚಿನ ಕಂಪನಿಗಳು ವಾರಂಟಿ ಮುಗಿದಿದ್ದರೂ ಉಚಿತವಾಗಿ ದುರಸ್ತಿ ಮಾಡಿಕೊಡುವುದಾಗಿ ಹೇಳಿದವು. ಆದರೆ ಸೂಚನೆ ಬಂದದ್ದು ಗೊತ್ತಿದ್ದವರಿಗೆ ಮಾತ್ರ ಅದರ ಲಾಭ. ಹಾಳಾಯಿತು ಎಂದು ಅಷ್ಟರೊಳಗೆ ಎಸೆದವರ ಲೆಕ್ಕ ಯಾರ ಬಳಿಯೂ ಇರಲು ಸಾಧ್ಯವಿಲ್ಲ.

ಹೊರಗುತ್ತಿಗೆಯ ನಿಜವಾದ ಅಪಾಯ ಇದು. ಹೊರಗಿನವರು ಕಳಪೆ ಕೆಲಸ ಮಾಡುತ್ತಾರೆ ಎಂಬುದಕ್ಕಿಂತ, ಎಲ್ಲರೂ ಒಬ್ಬರನ್ನೇ ನೆಚ್ಚಿಕೊಂಡಿರುತ್ತಾರೆ ಎಂಬುದು. 2016ರ ಏಪ್ರಿಲ್‌ನಲ್ಲಿ ಕುಮಾಮೊಟೊದಲ್ಲಿ ಭೂಕಂಪವಾಗಿ ಸೋನಿಯ ಸೆನ್ಸರ್ ಕಾರ್ಖಾನೆ ನಿಂತಾಗಲೂ ಹೀಗೇ ಆಯಿತು. ಒಂದು ಕಾರ್ಖಾನೆ ಬಾಗಿಲು ಹಾಕಿದ್ದಕ್ಕೆ ನಿಕಾನ್ ಸೇರಿ ಹಲವು ಕಂಪನಿಗಳ ಕ್ಯಾಮೆರಾಗಳು ತಡವಾದವು.

ಸ್ವಂತ ಕಾರ್ಖಾನೆಯಾದರೆ ಸುರಕ್ಷಿತವೇ?

ಇದಕ್ಕೆ ಉತ್ತರ ನಿಕಾನ್ ಡಿ600. 2012ರ ಸೆಪ್ಟೆಂಬರ್‌ನಲ್ಲಿ ಬಂದ ಈ ಕ್ಯಾಮೆರಾ ತಯಾರಾಗಿದ್ದು ಥಾಯ್ಲೆಂಡಿನಲ್ಲಿ, ಯಾವುದೋ ಅನಾಮಧೇಯ ಗುತ್ತಿಗೆದಾರನ ಬಳಿ ಅಲ್ಲ, ಅಯುತ್ಥಯದಲ್ಲಿರುವ ನಿಕಾನ್‌ನ ಸ್ವಂತ ಕಾರ್ಖಾನೆಯಲ್ಲಿ. ಹೊಸ ಕ್ಯಾಮೆರಾದ ಫೋಟೊಗಳಲ್ಲೇ ಚುಕ್ಕೆ ಚುಕ್ಕೆ ಕಲೆಗಳು ಕಾಣತೊಡಗಿದವು. ಸೆನ್ಸರ್ ಮೇಲೆ ಕಣಗಳು ಬಂದು ಕೂರುತ್ತಿದ್ದವು. ಒರೆಸಿದರೆ ಹೋಗಿ, ನೂರಾರು ಫೋಟೊ ತೆಗೆದ ಮೇಲೆ ಮತ್ತೆ ಬರುತ್ತಿದ್ದವು.

2013ರ ಫೆಬ್ರುವರಿಯಲ್ಲಿ ನಿಕಾನ್ ಮೊದಲ ಸೂಚನೆ ಕೊಟ್ಟಿತು: ಸ್ವಚ್ಛಗೊಳಿಸಿ, ಹೋಗದಿದ್ದರೆ ಸರ್ವಿಸ್ ಸೆಂಟರ್‌ಗೆ ಬನ್ನಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೊಸ ಶಟರ್ ಇರುವ ಡಿ610 ಬಂತು. ಹಳೆಯದನ್ನು ಕೊಂಡವರಿಗೆ ಇದು ಗಾಯದ ಮೇಲೆ ಬರೆ ಎಳೆದಂತಾಯಿತು. ವಾರಂಟಿ ಇರಲಿ ಬಿಡಲಿ, ಉಚಿತವಾಗಿ ಪರೀಕ್ಷಿಸಿ ಶಟರ್ ಬದಲಿಸಿಕೊಡುತ್ತೇವೆ ಎಂದು ಕಂಪನಿ ಹೇಳಿದ್ದು 2014ರ ಫೆಬ್ರುವರಿಯಲ್ಲಿ. ಮರುತಿಂಗಳೇ ಚೀನಾದ ಸರ್ಕಾರಿ ಟಿವಿ ಗ್ರಾಹಕ ದಿನದ ಕಾರ್ಯಕ್ರಮದಲ್ಲಿ ಈ ವಿಷಯ ಎತ್ತಿಕೊಂಡಿತು, ಶಾಂಘೈ ಅಧಿಕಾರಿಗಳು ಡಿ600 ಮಾರಾಟ ನಿಲ್ಲಿಸಲು ಹೇಳಿದರು. ನನ್ನ ಪ್ರಕಾರ ನಿಕಾನ್ ಹೆಸರಿಗೆ ಕಲೆ ತಂದದ್ದು ಸೆನ್ಸರ್ ಮೇಲಿನ ಚುಕ್ಕೆಗಳಿಗಿಂತ ನಡುವೆ ಕಳೆದ ಆ ಹದಿನೇಳು ತಿಂಗಳು.

‘ಥಾಯ್ಲೆಂಡಿನಲ್ಲಿ ಮಾಡಿದ್ದಕ್ಕೇ ಹೀಗಾಯಿತು’ ಎನ್ನುವವರೂ ಇದ್ದಾರೆ. ಅದೇ ದೇಶದಲ್ಲಿ ಲಕ್ಷಾಂತರ ನಿಕಾನ್ ಕ್ಯಾಮೆರಾಗಳು ಇಂಥ ದೂರಿಲ್ಲದೆ ತಯಾರಾಗಿವೆ. ಶಟರ್ ಬದಲಿಸಿದ ಡಿ610 ಕೂಡ ಅಲ್ಲಿಯದ್ದೇ.

ಗುಣಮಟ್ಟ ಪರೀಕ್ಷೆ ಅಂದರೆ ಏನು?

ದೊಡ್ಡ ಕಂಪನಿ ಬಿಡಿಭಾಗ ಕೊಳ್ಳುವಾಗ ಸುಮ್ಮನೆ ಆರ್ಡರ್ ಕೊಡುವುದಿಲ್ಲ. ಅಳತೆ ಎಷ್ಟಿರಬೇಕು, ಎಷ್ಟು ಹೆಚ್ಚುಕಡಿಮೆ ಆದರೆ ಒಪ್ಪಬಹುದು, ಸಾವಿರದಲ್ಲಿ ಎಷ್ಟನ್ನು ತೆಗೆದು ಪರೀಕ್ಷಿಸಬೇಕು ಎಂದೆಲ್ಲ ಬರೆದುಕೊಟ್ಟಿರುತ್ತದೆ. ಒಪ್ಪಬಹುದಾದ ವ್ಯತ್ಯಾಸವನ್ನು ಬಿಗಿ ಮಾಡಿದಷ್ಟೂ ಹೆಚ್ಚು ಭಾಗಗಳು ತಿರಸ್ಕೃತವಾಗುತ್ತವೆ, ಬೆಲೆ ಏರುತ್ತದೆ. ಒಂದೇ ಕಾರ್ಖಾನೆ ಒಬ್ಬರಿಗೆ ಅತ್ಯುತ್ತಮ ಲೆನ್ಸನ್ನೂ ಇನ್ನೊಬ್ಬರಿಗೆ ಸಾಧಾರಣ ಲೆನ್ಸನ್ನೂ ಮಾಡಿಕೊಡಬಲ್ಲದು. ಎರಡೂ ಕೇಳಿದ್ದಕ್ಕೆ ತಕ್ಕಂತೆ ಇರುತ್ತವೆ.

ಬಾಳಿಕೆಯ ಪರೀಕ್ಷೆ ಇನ್ನೂ ಕಷ್ಟ. ಐದು ವರ್ಷ ಕಾದು ನೋಡಿ ಮಾರಲು ಆಗುವುದಿಲ್ಲ. ಅದಕ್ಕೆ ಎಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ‘85/85’ ಎಂಬ ಪರೀಕ್ಷೆ ಇದೆ: 85 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 85 ಆರ್ದ್ರತೆಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 1000 ಗಂಟೆ ಇಡುವುದು. ಸುಮಾರು ನಲವತ್ತೆರಡು ದಿನ. ಕರಾವಳಿಯ ಎಷ್ಟೋ ಮಳೆಗಾಲಗಳನ್ನು ಒಂದೂವರೆ ತಿಂಗಳಿಗೆ ಹಿಂಡಿದಂತೆ. ಇದು ಒಳ್ಳೆಯ ಅಂದಾಜು ಕೊಡುತ್ತದೆ, ಆದರೆ ಅಂದಾಜೇ. ನಿಜವಾದ ಬಳಕೆಯಲ್ಲಿ ಬಿಸಿ, ತೇವ, ಅಲುಗಾಟ, ಧೂಳು ಎಲ್ಲ ಒಟ್ಟಿಗೆ ಬರುತ್ತವೆ.

ಹಾಗಾಗಿ ದೋಷ ಪೂರ್ತಿ ತಪ್ಪಿಸಲಾಗುವುದಿಲ್ಲ. ಬಂದಾಗ ಕಂಪನಿ ಎಷ್ಟು ಬೇಗ ಒಪ್ಪಿಕೊಳ್ಳುತ್ತದೆ ಎಂಬುದು ಕೊಳ್ಳುವವರಿಗೆ ಮುಖ್ಯ. ಐಫೋನ್ 6 ಪ್ಲಸ್‌ನಲ್ಲೂ ಹೀಗಾಗಿತ್ತು. 2014ರ ಸೆಪ್ಟೆಂಬರ್‌ನಿಂದ 2015ರ ಜನವರಿವರೆಗೆ ಮಾರಾಟವಾದ ಕೆಲವು ಫೋನ್‌ಗಳ ಹಿಂದಿನ ಕ್ಯಾಮೆರಾದ ಒಂದು ಭಾಗ ಕೆಟ್ಟು ಚಿತ್ರ ಮಸುಕಾಗುತ್ತಿತ್ತು. 2015ರ ಆಗಸ್ಟ್‌ನಲ್ಲಿ ಆಪಲ್ ಸೀರಿಯಲ್ ನಂಬರ್ ನೋಡಿ ಉಚಿತವಾಗಿ ಕ್ಯಾಮೆರಾ ಬದಲಿಸುವ ಯೋಜನೆ ಪ್ರಕಟಿಸಿತು.

ನಮ್ಮಲ್ಲಿ ಜೋಡಿಸಿದ ಫೋನ್ ಕಳಪೆಯೇ?

ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಶುರು ಮಾಡಿ ಈಗ ಟಾಟಾ ಎಲೆಕ್ಟ್ರಾನಿಕ್ಸ್ ನಡೆಸುತ್ತಿರುವ ಘಟಕದಲ್ಲಿ, ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಘಟಕದಲ್ಲಿ ಐಫೋನ್ ಜೋಡಣೆಯಾಗುತ್ತದೆ. ಇಲ್ಲಿಯ ಫೋನಿನ ಕ್ಯಾಮೆರಾ ಅಷ್ಟಕ್ಕಷ್ಟೇ, ದುಬೈಯಿಂದ ತರಿಸಿ ಎನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಫೋನಿನ ಕ್ಯಾಮೆರಾ ಎಂಬುದು ಸೆನ್ಸರ್, ಲೆನ್ಸ್, ಫೋಕಸ್ ಮಾಡುವ ಮೋಟರ್ ಎಲ್ಲ ಸೇರಿಸಿ ಮುಚ್ಚಿದ ಒಂದು ಮಾಡ್ಯೂಲ್. ಆಪಲ್‌ಗೆ ಅದನ್ನು ಮಾಡಿಕೊಡುವವರಲ್ಲಿ ಕೊರಿಯಾದ ಎಲ್‌ಜಿ ಇನ್ನೊಟೆಕ್ ಪ್ರಮುಖ ಕಂಪನಿ. ಜೋಡಣೆ ಘಟಕದಲ್ಲಿ ಆ ಮಾಡ್ಯೂಲನ್ನು ತಂದು ಕೂರಿಸುತ್ತಾರೆ. ಫೋನ್ ಚೀನಾದಲ್ಲಿ ಜೋಡಣೆಯಾಯಿತೋ ನರಸಾಪುರದಲ್ಲೋ ಎಂಬುದರಿಂದ ಅದರ ಲೆನ್ಸ್ ಬದಲಾಗುವುದಿಲ್ಲ.

ಬದಲಾಗಬಹುದಾದದ್ದು ವಾರಂಟಿ. ‘ಒರಿಜಿನಲ್ ಜಪಾನ್ ಸೆಟ್’ ಎಂದು ಬಿಲ್ಲಿಲ್ಲದೆ ಮಾರುವ ಕ್ಯಾಮೆರಾಗಳಿಗೆ ಭಾರತದ ಅಧಿಕೃತ ವಾರಂಟಿ ಇರುವುದಿಲ್ಲ. ಮದುವೆ ಸೀಸನ್ನಿನ ಮಧ್ಯೆ ಶಟರ್ ಕೆಟ್ಟಾಗ ಆ ಜಪಾನ್ ಹೆಸರು ಸ್ಟುಡಿಯೊದವರನ್ನು ಕಾಪಾಡುವುದಿಲ್ಲ. ಹೀಗಾಗಿ ಡಬ್ಬ ತಿರುಗಿಸಿ ದೇಶ ಹುಡುಕುವ ಬದಲು ಇಂಡಿಯಾ ವಾರಂಟಿ ಕಾರ್ಡ್ ಹುಡುಕಿ, ಸೀರಿಯಲ್ ನಂಬರ್ ಬಿಲ್ಲಿನಲ್ಲಿದೆಯೇ ನೋಡಿ. ಆ ಮಾದರಿಗೆ ಉಚಿತ ದುರಸ್ತಿಯ ಸೂಚನೆ ಬಂದಿದೆಯೇ ಎಂದು ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ.

ನಿಮ್ಮ ಕೈಗೆ ಬಂದ ಫೋನೋ ಕ್ಯಾಮೆರಾವೋ ಸರಿಯಿದೆಯೇ ಎಂದು ನೋಡಲು ಮನೆಯಲ್ಲೇ ಒಂದು ದಾರಿಯಿದೆ. ಗೋಡೆಯ ಮೇಲೆ ದಿನಪತ್ರಿಕೆಯ ಪುಟಗಳನ್ನು ಮಡಿಕೆ ಬಾರದಂತೆ ಅಂಟಿಸಿ. ಚೆನ್ನಾಗಿ ಬೆಳಕಿರುವಾಗ ನೇರ ಎದುರು ನಿಂತು, ಕ್ಯಾಮೆರಾ ಓರೆಯಾಗದಂತೆ ಹಿಡಿದು, ಚೌಕಟ್ಟು ತುಂಬುವ ಹಾಗೆ ಫೋಟೊ ತೆಗೆಯಿರಿ. ನಾಲ್ಕು ಮೂಲೆಗಳನ್ನು ಹಿಗ್ಗಿಸಿ ನೋಡಿ. ನಾಲ್ಕೂ ಮೂಲೆ ನಡುಭಾಗಕ್ಕಿಂತ ಸ್ವಲ್ಪ ಮಸುಕಾಗಿದ್ದರೆ ಅದು ಸಾಮಾನ್ಯ. ಒಂದೇ ಮೂಲೆ ಅಥವಾ ಒಂದೇ ಬದಿ ಎದ್ದು ಕಾಣುವಷ್ಟು ಮಸುಕಾಗಿದ್ದು, ಮೂರು ನಾಲ್ಕು ಸಲ ತೆಗೆದರೂ ಹಾಗೇ ಬಂದರೆ ಲೆನ್ಸಿನ ಒಂದು ಗಾಜು ಓರೆಯಾಗಿ ಕೂತಿರುವ ಸಾಧ್ಯತೆಯಿದೆ. ಅಂಗಡಿಯವರು ಬದಲಿಸಿಕೊಡುವ ಅವಧಿ ಮುಗಿಯುವುದರೊಳಗೆ ಇದನ್ನು ಮಾಡಿ.

ಹಳೆಯ ಸಿಸಿಡಿ ಕ್ಯಾಮೆರಾಗಳಿಗೆ ಈಗ ಮತ್ತೆ ಬೇಡಿಕೆ ಬಂದಿದೆ. ರೀಲ್ಸ್ ನೋಡಿ, ಆ ಕಾಲದ ಬಣ್ಣ ಬೇಕೆಂದು ಇಪ್ಪತ್ತು ವರ್ಷ ಹಳೆಯ ಪುಟ್ಟ ಕ್ಯಾಮೆರಾಗಳನ್ನು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವವರಿದ್ದಾರೆ. 2003, 2004ರ ಮಾದರಿಯಾದರೆ ಮಾರುವವರು ಕಳಿಸಿದ ಹಳೆಯ ಫೋಟೊ ನೋಡಿ ಒಪ್ಪಬೇಡಿ, ಪರದೆಯ ಮೇಲೆ ಮೆನು ಬಂತೆಂದು ಸಮಾಧಾನಪಡಬೇಡಿ. ನಿಮ್ಮೆದುರೇ ಆನ್ ಮಾಡಿಸಿ, ಹೊಸದಾಗಿ ನಾಲ್ಕಾರು ಫೋಟೊ ತೆಗೆದು ನೋಡಿ. ಅಲೆಯಾಡುವ ಗೆರೆ, ನೇರಳೆ ಬಣ್ಣ ಅಥವಾ ಕಪ್ಪು ಪರದೆ ಕಂಡರೆ ಅದು ಬಹುಶಃ ಆ 2005ರ ತಂತಿಯದೇ ಸಮಸ್ಯೆ. ಆಗಿನ ಉಚಿತ ದುರಸ್ತಿಯನ್ನು ಈಗ ನಂಬಿಕೊಳ್ಳುವಂತಿಲ್ಲ.